ಗಾಜು: ಒಂದು ಹಳೆಯ ಪ್ರಶ್ನೆ



ಕನ್ನಡವನ್ನು ಓದಿ, ಕನ್ನಡವನ್ನೇ ಪಾಠ ಹೇಳಿ ನಿವೃತ್ತನಾದವನು ಗಾಜಿನ ವಿಷಯವಾಗಿ ಮಾತನಾಡಲು ಹೊರಟರೆ ಕೇಳುವವರಿಗೆ ಆಶ್ಚರ್ಯವಾಗುವುದು ಸಹಜ. ಪಂಪನನ್ನು ಕುರಿತೋ ದಾಸರನ್ನು ಕುರಿತೋ ಮಾತನಾಡಿ ಎಂದಿದ್ದರೆ ನನಗೆ ಹೆಚ್ಚಿನ ಸಿದ್ಧತೆ ಬೇಕಾಗುತ್ತಿರಲಿಲ್ಲ. ಗಾಜಿನ ಗುಣಗಳನ್ನೂ ಬೆಳಕಿನೊಡನೆ ಅದರ ನಡವಳಿಕೆಯನ್ನೂ ಕುರಿತು ಹೇಳುತ್ತೇನೆಂದು ನಾನಾಗಿಯೇ ಕೇಳಿಕೊಂಡೆ. ಮೂವತ್ತು ವರ್ಷಗಳಿಗೂ ಹಿಂದೆ ಒಬ್ಬ ವಿದ್ಯಾರ್ಥಿಗೆ ಕೊಡಬೇಕಾಗಿದ್ದ ಒಂದು ಉತ್ತರ ನನ್ನ ತಲೆಯ ಮೇಲೆ ಸಾಲವಾಗಿ ಉಳಿದಿತ್ತು. ಈ ಭಾಷಣ ಆ ಸಾಲದ ತೀರುವಳಿ ಎಂದು ತಿಳಿಯಬೇಕಾಗಿ ಪ್ರಾರ್ಥನೆ.

ಆಗ ನಾನು ರಾಯಚೂರಿನ ಕಾಲೇಜೊಂದರಲ್ಲಿ ಹೊಸ ಅಧ್ಯಾಪಕ. ಬಿ.ಎಸ್ಸಿ. ಮೊದಲ ವರ್ಷದವರಿಗೆ ಕನ್ನಡ ಭಾಷಾ ಪಾಠ. ಮಧ್ಯಾಹ್ನದ ಊಟವಾದ ಮೇಲಿನ ತರಗತಿ, ಅದೂ ಬೇಸಗೆಯಲ್ಲಿ. ರಾಯಚೂರಿನ ಬೇಸಗೆಯನ್ನು ಬಲ್ಲವರಿಗೆ ನಾನು ಇನ್ನೇನೂ ವಿವರಿಸಬೇಕಾಗಿಲ್ಲ. ಬಸವಣ್ಣನವರು ಮಾತನ್ನು ಸ್ಫಟಿಕದ ಸಲಾಕೆಗೆ ಹೋಲಿಸಿದ ವಚನವನ್ನು ವಿವರಿಸುತ್ತ, ನಿದ್ದೆಗಣ್ಣಿನ ಹುಡುಗರನ್ನು ಎಚ್ಚರಿಸುವ ಉತ್ಸಾಹದಲ್ಲಿ ನಾನು ಸ್ವಲ್ಪ ಮುಂದಕ್ಕೆ ಹೋದೆ. “ಸ್ಫಟಿಕ ಏಕೆ ಪಾರದರ್ಶಕ? ಅದರಲ್ಲಿ ಕಲ್ಮಶವಿಲ್ಲ, ಅದಕ್ಕೆ. ಶುದ್ಧವಾದುದೆಲ್ಲ ಪಾರದರ್ಶಕವೇ. ಗಾಜನ್ನು ನೋಡಿ, ಅದೂ ಹಾಗೆಯೇ” ಎಂದುಬಿಟ್ಟೆ.

ಹಿಂದಿನ ಸಾಲಿನಿಂದ ಒಬ್ಬ ಹುಡುಗ ಎದ್ದು ನಿಂತ. ದೇವದುರ್ಗ ತಾಲ್ಲೂಕಿನವನು; ಅವನ ಊರು ಕೃಷ್ಣೆಯ ದಡದಲ್ಲಿ. “ಸರ್, ಗಾಜು ಉಸುಕಿನಿಂದ ಮಾಡ್ತಾರಂತ. ನಮ್ಮ ಹೊಳಿ ಉಸುಕು ಎಷ್ಟು ತೊಳದ್ರೂ ಅದರ ಆಚೆ ಏನೂ ಕಾಣಂಗಿಲ್ಲ. ಕರಗಿಸಿದ ಕೂಡ್ಲೆ ಅದೇ ಉಸುಕು ಹೆಂಗ ಕಾಣಂಗ ಆಗ್ತದ?” ಎಂದು ಕೇಳಿದ.

ನನಗೆ ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲವೆಂದು ಹೇಳುವ ಧೈರ್ಯವೂ ಇರಲಿಲ್ಲ. “ಇದು ಕನ್ನಡದ ತರಗತಿಯಪ್ಪಾ, ಉಸುಕಿನ ಗುತ್ತಿಗೆದಾರರ ಸಭೆಯಲ್ಲ” ಎಂದೆ. ತರಗತಿಯೆಲ್ಲ ನಕ್ಕಿತು. ಹುಡುಗ ಕುಳಿತುಕೊಂಡ. ಆ ವರ್ಷವೆಲ್ಲ ಅವನು ಮತ್ತೊಂದು ಪ್ರಶ್ನೆಯನ್ನು ಕೇಳಲಿಲ್ಲ. ಮುಂದೆ ವರ್ಷ ವರ್ಷವೂ ಆ ವಚನವನ್ನು ಪಾಠ ಹೇಳಿದೆ. ಸ್ಫಟಿಕದ ಮಾತು ಬಂದಾಗಲೆಲ್ಲ ಆ ಹುಡುಗ ಎದ್ದು ನಿಂತಂತೆ ಭಾಸವಾಗುತ್ತಿತ್ತು. ನಿವೃತ್ತಿಯಾದ ಮೇಲೆ, ಭೌತಶಾಸ್ತ್ರ ಕಲಿಸಿದ ಗೆಳೆಯರ ಮನೆಯಿಂದ ಪುಸ್ತಕಗಳನ್ನು ತಂದು ಓದತೊಡಗಿದೆ. ಓದಿ ಅರ್ಥವಾದಷ್ಟನ್ನು ಈಗ ನಿಮ್ಮ ಮುಂದಿಡುತ್ತೇನೆ.

ಗಾಜು ನಮ್ಮ ಸೀಮೆಗೆ ಹೊಸದೇನಲ್ಲ. ಅಶೋಕನ ಹೆಸರನ್ನು ಹೇಳುವ ಶಾಸನ 1915ರಲ್ಲಿ ಬೆಳಕಿಗೆ ಬಂದ ನಮ್ಮ ಜಿಲ್ಲೆಯ ಮಸ್ಕಿಯಲ್ಲಿ, 1954ರ ಉತ್ಖನನದಲ್ಲಿ ಗಾಜಿನ ಮಣಿಗಳೂ ದೊರೆತಿವೆ. ಗಾಜಿನ ಮೂಲದ್ರವ್ಯವಂತೂ ನಮ್ಮ ಕಾಲಡಿಯಲ್ಲಿಯೇ ಇದೆ. ಸಿಲಿಕಾ ಎಂಬುದು ಸಿಲಿಕಾನ್ ಮತ್ತು ಆಮ್ಲಜನಕಗಳ ಸಂಯುಕ್ತ. ಹಟ್ಟಿಯ ಗಣಿಯಲ್ಲಿ ಚಿನ್ನದ ಒಡನಾಡಿಯಾಗಿ ಸಿಕ್ಕುವ ಬಿಳಿಯ ಬೆಣಚುಕಲ್ಲು ಇದೇ ಸಿಲಿಕಾ. ಹೊಳೆಯ ಮರಳಿನಲ್ಲಿ ಮಿನುಗುವ ಕಣಗಳಲ್ಲಿ ಬಹುಪಾಲು ಇದೇ. ಬಸವಣ್ಣನವರ ಸ್ಫಟಿಕವೂ ಇದೇ. ಕಿಟಕಿಯ ಗಾಜಿನಲ್ಲಿ ನೂರಕ್ಕೆ ಎಪ್ಪತ್ತಕ್ಕೂ ಸ್ವಲ್ಪ ಮಿಗಿಲಾದ ಪಾಲು ಸಿಲಿಕಾ. ಅದೊಂದನ್ನೇ ಕರಗಿಸಬೇಕಾದರೆ ಸುಮಾರು 1700 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಬೇಕು. ಸೋಡಾ ಬೆರೆಸಿದರೆ ಕರಗುವ ಉಷ್ಣತೆ ನೂರಾರು ಡಿಗ್ರಿ ಕೆಳಗಿಳಿಯುತ್ತದೆ. ಆದರೆ ಸೋಡಾ ಮಾತ್ರ ಬೆರೆತ ಗಾಜು ನೀರಿನಲ್ಲಿ ಕರಗಿಹೋಗುವಂಥದು. ಅದಕ್ಕೆ ಸುಣ್ಣವನ್ನೂ ಕೂಡಿಸಿದರೆ ಗಾಜು ನೀರಿಗೆ ಬಗ್ಗದಷ್ಟು ಗಟ್ಟಿಯಾಗುತ್ತದೆ. ಮರಳು, ಸೋಡಾ, ಸುಣ್ಣ: ಬಡವರ ಮನೆಯ ಅಡಿಗೆಯಂತೆ ಮೂರೇ ಸಾಮಾನು.

ಇಲ್ಲಿ ನನ್ನ ಮೊದಲನೆಯ ತಪ್ಪು ತಿಳಿಯಿತು. ಸ್ಫಟಿಕವನ್ನೂ ಗಾಜನ್ನೂ ನಾನು ಒಂದೇ ಉಸಿರಿನಲ್ಲಿ ಹೇಳಿದ್ದೆ. ಎರಡರ ದ್ರವ್ಯ ಬಹುಮಟ್ಟಿಗೆ ಒಂದೇ. ರಚನೆ ಮಾತ್ರ ಬೇರೆ. ಬೆಣಚಿನ ಸ್ಫಟಿಕದಲ್ಲಿ ಪ್ರತಿಯೊಂದು ಸಿಲಿಕಾನ್ ಪರಮಾಣುವಿನ ಸುತ್ತ ನಾಲ್ಕು ಆಮ್ಲಜನಕಗಳಿರುತ್ತವೆ. ಈ ನಾಲ್ಕರ ಕಟ್ಟು ಗೊತ್ತಾದ ದೂರಕ್ಕೆ, ಗೊತ್ತಾದ ಕೋನದಲ್ಲಿ, ತಪ್ಪದೆ ಮರುಕಳಿಸುತ್ತದೆ. ಗಾಜಿನಲ್ಲಿಯೂ ನಾಲ್ಕರ ಕಟ್ಟು ಹಾಗೆಯೇ ಇರುತ್ತದೆ, ಮರುಕಳಿಕೆ ಇರುವುದಿಲ್ಲ. ನಾರ್ವೆಯಲ್ಲಿ ಹುಟ್ಟಿ ಅಮೆರಿಕದಲ್ಲಿ ದುಡಿದ ಜಕಾರಿಯಾಸನ್ ಎಂಬ ವಿಜ್ಞಾನಿ 1932ರಲ್ಲಿ ಈ ಚಿತ್ರವನ್ನು ಕೊಟ್ಟರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕೆ. ಜೆ. ರಾವ್ ಅವರು ಗಾಜುಗಳ ರಚನೆಯನ್ನು ಕುರಿತೇ ಒಂದು ದೊಡ್ಡ ಗ್ರಂಥವನ್ನು 2002ರಲ್ಲಿ ಹೊರತಂದರು. ಕನ್ನಡದ ಮೇಷ್ಟರಿಗೆ ತಿಳಿಯುವ ಹಾಗೆ ಹೇಳುವುದಾದರೆ, ಸ್ಫಟಿಕ ಷಟ್ಪದಿಯಂತೆ, ಗಾಜು ಗದ್ಯದಂತೆ. ಎರಡರಲ್ಲಿಯೂ ಅಕ್ಷರಗಳು ಅವೇ, ಪದದೊಳಗಿನ ವ್ಯಾಕರಣವೂ ಅದೇ. ಷಟ್ಪದಿಯಲ್ಲಿ ಮುಂದಿನ ಗಣ ಎಲ್ಲಿ ಬರುವುದೆಂದು ಎಣಿಸಿ ಹೇಳಬಹುದು. ಗದ್ಯದಲ್ಲಿ ಆ ಎಣಿಕೆ ನಡೆಯದು. ಗದ್ಯವನ್ನು ಹೀನವೆಂದು ಯಾರೂ ಹೇಳುವುದಿಲ್ಲವಷ್ಟೆ. ಹಾಗೆಯೇ ಗಾಜನ್ನೂ ಕೆಟ್ಟುಹೋದ ಸ್ಫಟಿಕವೆಂದು ತಿಳಿಯಬಾರದು.

ಈ ಮರುಕಳಿಕೆ ಇಲ್ಲದ್ದರಿಂದಲೇ ಗಾಜಿಗೆ ಗೊತ್ತಾದ ಕರಗುವ ಬಿಂದುವಿಲ್ಲ. ಮಂಜುಗಡ್ಡೆ ಸೊನ್ನೆ ಡಿಗ್ರಿಯಲ್ಲಿ ಒಮ್ಮೆಗೇ ನೀರಾಗುತ್ತದೆ. ಕಿಟಕಿಯ ಗಾಜು 550 ಡಿಗ್ರಿಯ ಆಸುಪಾಸಿನಲ್ಲಿ ಬಿಗುವನ್ನು ಬಿಟ್ಟು ಮೆತ್ತಗಾಗತೊಡಗುತ್ತದೆ. ಮೇಲೇರಿದಂತೆ ಮೇಣವಾಗಿ, ಜೇನಾಗಿ, ಕೊನೆಗೆ ಹರಿಯುವ ದ್ರವವಾಗುತ್ತದೆ. ಈ ನಡುವಿನ ಹದವೇ ಗಾಜುಗಾರನ ಬಂಡವಾಳ. ಫಿರೋಜಾಬಾದಿನ ಕುಲುಮೆಯಲ್ಲಿ ಎಳೆಯಾಗಿ ಸುತ್ತಿದ ಬಳೆ ನಮ್ಮ ಮಾನ್ವಿಯ ಸಂತೆಯಲ್ಲಿ ಅಕ್ಕತಂಗಿಯರ ಕೈಯೇರುವುದಕ್ಕೆ ಈ ಹದವೇ ಕಾರಣ.

ನನ್ನ ಎರಡನೆಯ ತಪ್ಪನ್ನೂ ಇಲ್ಲಿಯೇ ಒಪ್ಪಿಕೊಳ್ಳುತ್ತೇನೆ. ಗಾಜು ಬಲು ನಿಧಾನವಾಗಿ ಹರಿಯುವ ದ್ರವ, ಹಳೆಯ ಇಗರ್ಜಿಗಳ ಕಿಟಕಿಯ ಗಾಜು ಕೆಳಗಡೆ ದಪ್ಪವಾಗಿರುವುದೇ ಅದಕ್ಕೆ ಸಾಕ್ಷಿ ಎಂದು ಎಲ್ಲಿಯೋ ಓದಿ, ಕಾಲಮಹಿಮೆಗೆ ಉಪಮೆಯಾಗಿ ಎಷ್ಟೋ ಸಭೆಗಳಲ್ಲಿ ಹೇಳಿದ್ದೇನೆ. ಉಪಮೆ ಸೊಗಸಾಗಿತ್ತು, ಸಂಗತಿ ಸುಳ್ಳು. ಆ ಕಾಲದ ಗಾಜನ್ನು ಊದಿ ಹಿಗ್ಗಿಸಿ ಮಾಡುತ್ತಿದ್ದುದರಿಂದ ಹಾಳೆ ಒಂದೆಡೆ ದಪ್ಪ, ಒಂದೆಡೆ ತೆಳುವಾಗಿರುತ್ತಿತ್ತು. ಬ್ರೆಜಿಲಿನ ಜನೊಟ್ಟೊ ಎಂಬ ವಿಜ್ಞಾನಿ 1998ರಲ್ಲಿಯೇ ಈ ಹರಿವಿನ ಕಥೆಯನ್ನು ಲೆಕ್ಕಹಾಕಿ ತಳ್ಳಿಹಾಕಿದರು. ಮಧ್ಯಯುಗದ ಗಾಜಿನ ಮಾದರಿಯನ್ನೇ ಮತ್ತೆ ತಯಾರಿಸಿ ಅಳೆದ ಇತ್ತೀಚಿನ ಅಧ್ಯಯನವೊಂದರ ಪ್ರಕಾರ, ಅದು ನೂರು ಕೋಟಿ ವರ್ಷಗಳಲ್ಲಿ ಹರಿಯಬಹುದಾದುದು ಹೆಚ್ಚೆಂದರೆ ಒಂದು ನ್ಯಾನೋಮೀಟರ್, ಎಂದರೆ ಒಂದು ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲು. ನನ್ನ ಆ ಭಾಷಣಗಳನ್ನು ಕೇಳಿದವರು ಯಾರಾದರೂ ಈಗ ಆಲಿಸುತ್ತಿದ್ದರೆ ದಯವಿಟ್ಟು ತಿದ್ದಿಕೊಳ್ಳಬೇಕು.

ಇನ್ನು ಗಾಜು ಒಡೆಯುವ ಮಾತು. ನಾನು ಹುಟ್ಟಿ ಬೆಳೆದ ಮಾನ್ವಿಯ ಮನೆಯಲ್ಲಿ ಸಂಜೆಯಾದರೆ ಕಂದೀಲು ಹಚ್ಚುತ್ತಿದ್ದರು. ಅದರ ಗಾಜಿನ ಬುರುಡೆಯನ್ನು ಬೂದಿಯಿಂದ ತಿಕ್ಕಿ ಒರೆಸುವುದು ನನ್ನ ಪಾಲಿನ ಕೆಲಸ. ಒಂದು ಸಂಜೆ, ಉರಿಯುತ್ತಿದ್ದ ಕಂದೀಲಿನ ಮೇಲೆ ನನ್ನ ಒದ್ದೆ ಕೈಯಿಂದ ಎರಡು ಹನಿ ನೀರು ಬಿತ್ತು. ‘ಟಣ್’ ಎಂದು ಸದ್ದಾಯಿತು. ಬುರುಡೆ ಎರಡು ಹೋಳು. ಅವ್ವ ಬೈದಳು, ಮರುದಿನ ಹೊಸ ಬುರುಡೆ ಬರುವವರೆಗೆ ಚಿಮಣಿಯ ಹೊಗೆಯಲ್ಲಿ ಓದಿದ್ದಾಯಿತು. ಕಾರಣ ಈಗ ತಿಳಿದಿದೆ. ಒಂದು ಮೀಟರ್ ಉದ್ದದ ಸಾಮಾನ್ಯ ಗಾಜು ನೂರು ಡಿಗ್ರಿ ಕಾದರೆ ಸುಮಾರು 0.9 ಮಿಲಿಮೀಟರ್ ಬೆಳೆಯುತ್ತದೆ. ಗಾಜು ಶಾಖವನ್ನು ಬೇಗ ಹರಡಗೊಡುವುದಿಲ್ಲ. ಆದುದರಿಂದ ಹನಿ ಬಿದ್ದೆಡೆ ತಣಿದು ಕುಗ್ಗುತ್ತದೆ, ಸುತ್ತಣ ಭಾಗ ಹಿಗ್ಗಿಯೇ ಇರುತ್ತದೆ. ಎಳೆದಾಟದಲ್ಲಿ ಗಾಜು ಸೀಳುತ್ತದೆ. ಜರ್ಮನಿಯ ಆಟೋ ಷಾಟ್ 19ನೆಯ ಶತಮಾನದ ಕೊನೆಯಲ್ಲಿ ಬೋರಾನ್ ಬೆರೆಸಿದ ಗಾಜನ್ನು ರೂಪಿಸಿ ದೀಪದ ಬುರುಡೆಗಳಿಗೂ ಪ್ರಯೋಗಶಾಲೆಯ ಪಾತ್ರೆಗಳಿಗೂ ಒದಗಿಸಿದರು. ಅದರ ಹಿಗ್ಗುವಿಕೆ ಸಾಮಾನ್ಯ ಗಾಜಿನ ಮೂರರಲ್ಲೊಂದು ಪಾಲಿನಷ್ಟು. ಆ ಗಾಜು ಮಾನ್ವಿಯ ಸಂತೆಗೆ ಬಂದಿದ್ದರೆ ನನಗೆ ಬೈಗುಳ ತಪ್ಪುತ್ತಿತ್ತು.

ಗಾಜಿನ ಒಳಗಣ ಬಂಧಗಳು ಬಹು ಬಲವಾದವು. ಆದರೂ ಅದು ಸುಲಭವಾಗಿ ಒಡೆಯುವುದೇಕೆಂಬುದನ್ನು ಇಂಗ್ಲೆಂಡಿನ ಗ್ರಿಫಿತ್ ಎಂಬವರು 1921ರಲ್ಲಿ ವಿವರಿಸಿದರು. ಗಾಜಿನ ಮೈಮೇಲೆ ಕಣ್ಣಿಗೆ ಕಾಣದ ಗೀರುಗಳಿರುತ್ತವೆ. ಎಳೆತವೆಲ್ಲ ಆ ಗೀರಿನ ತುದಿಗೆ ಬಂದು ಸೇರುತ್ತದೆ. ಲೋಹವಾಗಿದ್ದರೆ ಅಲ್ಲಿ ಸ್ವಲ್ಪ ಬಾಗಿ ಸಹಿಸಿಕೊಳ್ಳುತ್ತಿತ್ತು. ಗಾಜಿಗೆ ಬಾಗುವುದು ತಿಳಿಯದು. ಬೆಣಚುಕಲ್ಲಿನ ಗಡಸುತನ ಏಳು ಎಂದಿಟ್ಟರೆ ಗಾಜಿನದು ಐದೂವರೆ. ಎಂದರೆ ರಾಯಚೂರಿನ ಧೂಳಿನಲ್ಲಿ ಹಾರುವ ಮರಳಿನ ಕಣವೂ ಗಾಜನ್ನು ಗೀರಬಲ್ಲದು. ಗಾಜಿನ ಕನ್ನಡಕವನ್ನು ಧೋತರದ ಚುಂಗಿನಿಂದ ಒರೆಸುವ ನನ್ನ ವಯಸ್ಸಿನವರು ಮೊದಲು ಅದನ್ನು ನೀರಿನಲ್ಲಿ ತೊಳೆಯುವುದು ಮೇಲು.

ಈಗ ಬೆಳಕಿನ ಕಡೆಗೆ ಬರೋಣ. ಬೆಳಕು ಶೂನ್ಯದಲ್ಲಿ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ಸಾಗುತ್ತದೆ. ಗಾಜಿನೊಳಗೆ ಅದರ ವೇಗ ಸುಮಾರು 2 ಲಕ್ಷ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಬರುವ ಒಂದೂವರೆಯನ್ನು, ನಿಖರವಾಗಿ ಹೇಳಬೇಕೆಂದರೆ 1.52ನ್ನು, ಗಾಜಿನ ವಕ್ರೀಭವನ ಸೂಚಿ ಎನ್ನುತ್ತಾರೆ. ನೀರಿನದು 1.33, ವಜ್ರದ್ದು 2.42. ವೇಗ ಬದಲಾಗುವ ಗಡಿಯಲ್ಲಿ, ಓರೆಯಾಗಿ ಬಂದ ಕಿರಣ ಬಾಗುತ್ತದೆ. ಮಸೂರ, ಕನ್ನಡಕ, ದೂರದರ್ಶಕ, ಎಲ್ಲವೂ ಈ ಬಾಗುವಿಕೆಯ ಮಕ್ಕಳು. ಅದೇ ಗಡಿಯಲ್ಲಿ ಮತ್ತೊಂದು ಸಂಗತಿಯೂ ನಡೆಯುತ್ತದೆ. ನೇರವಾಗಿ ಬಂದ ಬೆಳಕಿನಲ್ಲಿ ನೂರಕ್ಕೆ ನಾಲ್ಕು ಪಾಲು ಒಳಗೆ ಹೋಗದೆ ಹಿಂದಿರುಗುತ್ತದೆ. ಗಾಜಿನ ಹಾಳೆಗೆ ಎರಡು ಮೈ; ಎರಡೂ ಕಡೆ ಸೇರಿ ನೂರಕ್ಕೆ ಸುಮಾರು ಎಂಟು.

ಇದನ್ನು ನೋಡಲು ಪ್ರಯೋಗಶಾಲೆ ಬೇಡ. ರಾಯಚೂರಿನಿಂದ ಮಾನ್ವಿಗೆ ಹೋಗುವ ಸಂಜೆಯ ಬಸ್ಸಿನಲ್ಲಿ ಕಿಟಕಿಯ ಪಕ್ಕದಲ್ಲಿ ಕುಳಿತರೆ ಸಾಕು. ಹೊತ್ತಿರುವಾಗ ಹೊರಗಿನ ಜೋಳದ ಹೊಲ, ಭತ್ತದ ಗದ್ದೆ, ಬಂಡೆಗುಡ್ಡಗಳೆಲ್ಲ ಕಾಣುತ್ತವೆ. ಕತ್ತಲಾಗಿ ಬಸ್ಸಿನೊಳಗೆ ದೀಪ ಹೊತ್ತಿದೊಡನೆ ಅದೇ ಗಾಜಿನಲ್ಲಿ ನಮ್ಮ ಮುಖವೇ ಎದುರಾಗುತ್ತದೆ. ಗಾಜು ಬದಲಾಗಿಲ್ಲ. ಹಗಲಿನಲ್ಲಿಯೂ ಆ ಎಂಟು ಪಾಲು ಹಿಂದಿರುಗುತ್ತಲೇ ಇತ್ತು. ಹೊರಗಿನ ಬೆಳಕಿನ ಪ್ರವಾಹದಲ್ಲಿ ಅದು ಕಣ್ಣಿಗೆ ಬೀಳಲಿಲ್ಲ ಅಷ್ಟೆ. ಹರಿಕಥಾಮೃತಸಾರವನ್ನು ಬರೆದ ಜಗನ್ನಾಥದಾಸರು ಬಾಳಿದ ಊರು ನಮ್ಮ ಮಾನ್ವಿ. ಬಿಂಬ, ಪ್ರತಿಬಿಂಬ ಎಂಬ ಮಾತುಗಳನ್ನು ನಾನು ಮೊದಲು ಕೇಳಿದ್ದು ಅಲ್ಲಿಯ ಭಜನೆಯ ಮನೆಗಳಲ್ಲಿ. ದಾಸರ ಅರ್ಥ ಬೇರೆ, ಅದು ತತ್ತ್ವದ ಮಾತು. ಆದರೆ ಪ್ರತಿಬಿಂಬ ಕಾಣದಿರುವಾಗಲೂ ಇರುತ್ತದೆ ಎಂಬುದು ನನಗೆ ಹೊಳೆದದ್ದು ಮಾನ್ವಿಯ ಬಸ್ಸಿನಲ್ಲಿ.

ಇನ್ನು ಆ ಹುಡುಗನ ಪ್ರಶ್ನೆ. ವಸ್ತುವೊಂದು ಪಾರದರ್ಶಕವಾಗಲು ಎರಡು ನಿಬಂಧನೆಗಳು ನಡೆಯಬೇಕು. ಮೊದಲನೆಯದು, ವಸ್ತು ಬೆಳಕನ್ನು ನುಂಗಬಾರದು. ಎಲೆಕ್ಟ್ರಾನು ಬೆಳಕನ್ನು ನುಂಗಬೇಕಾದರೆ ಅದು ಒಂದು ಮೆಟ್ಟಿಲು ಮೇಲೇರಬೇಕು. ಸಿಲಿಕಾದಲ್ಲಿ ಆ ಮೆಟ್ಟಿಲು ಬಲು ಎತ್ತರ. ನಮ್ಮ ಕಣ್ಣಿಗೆ ಕಾಣುವ ಕೆಂಪಿನಿಂದ ನೇರಳೆಯವರೆಗಿನ ಯಾವ ಬೆಳಕಿಗೂ ಎಲೆಕ್ಟ್ರಾನನ್ನು ಅಲ್ಲಿಗೆ ಏರಿಸುವ ಶಕ್ತಿಯಿಲ್ಲ. ಆದುದರಿಂದ ಅದು ದಾಟಿಹೋಗುತ್ತದೆ. ಮರಳಿನಲ್ಲಿ ಚೂರು ಕಬ್ಬಿಣವಿದ್ದರೆ ಅದು ಕೆಲವು ಬಣ್ಣಗಳನ್ನು ನುಂಗುತ್ತದೆ. ಕಿಟಕಿಯ ಗಾಜಿನ ಅಂಚನ್ನು ನೋಡಿದರೆ ಹಸಿರಾಗಿ ಕಾಣುವುದು ಈ ಕಬ್ಬಿಣದಿಂದಲೇ.

ಎರಡನೆಯ ನಿಬಂಧನೆಯಲ್ಲಿಯೇ ಅವನ ಉತ್ತರವಿದೆ: ವಸ್ತುವಿನ ಒಳಗೆ ಗಡಿಗಳಿರಬಾರದು. ಹಿಡಿ ಮರಳಿನಲ್ಲಿ ಸಾವಿರಾರು ಕಣಗಳು. ಒಂದೊಂದೂ ಬಹುಮಟ್ಟಿಗೆ ಪಾರದರ್ಶಕವೇ. ಆದರೆ ಕಣ, ಗಾಳಿ, ಮತ್ತೆ ಕಣ, ಮತ್ತೆ ಗಾಳಿ, ಹೀಗೆ ಬೆಳಕು ಸಾವಿರ ಗಡಿಗಳನ್ನು ದಾಟಬೇಕು. ಪ್ರತಿಯೊಂದು ಗಡಿಯಲ್ಲಿಯೂ ಒಂದಿಷ್ಟು ಹಿಂದಿರುಗುತ್ತದೆ, ಉಳಿದದ್ದು ಬಾಗುತ್ತದೆ. ಕೊನೆಗೆ ಬೆಳಕು ದಿಕ್ಕುಗೆಟ್ಟು ಎಲ್ಲ ಕಡೆಗೂ ಚದರಿ ಬಂದ ದಾರಿಗೇ ಮರಳುತ್ತದೆ. ಆಚೆಯದು ಏನೂ ಕಾಣದು. ಕಿಟಕಿಯ ಗಾಜನ್ನೇ ಕುಟ್ಟಿ ಪುಡಿಮಾಡಿದರೂ ಅದು ಸುಣ್ಣದಂತೆ ಬೆಳ್ಳಗಾಗುತ್ತದೆ. ಪುಡಿಯಲ್ಲಿ ಹೊಸದಾಗಿ ಕಲ್ಮಶವೇನೂ ಸೇರಿಲ್ಲ. ಹೊಸದಾಗಿ ಹುಟ್ಟಿದುದು ಗಡಿಗಳು. ಕರಗಿಸಿದಾಗ ಕಣಗಳೆಲ್ಲ ಕೂಡಿ ಒಂದಾಗುತ್ತವೆ, ಗಡಿಗಳು ಅಳಿಯುತ್ತವೆ. ತಣಿಯುವಾಗ ಮತ್ತೆ ಸಣ್ಣ ಸಣ್ಣ ಸ್ಫಟಿಕಗಳಾಗಿ ಬಿಡಿಬಿಡಿಯಾದರೆ ಗಾಜು ಮಬ್ಬಾಗುತ್ತದೆ. ಹಾಗಾಗಲು ಅವಕಾಶ ಕೊಡದೆ ತಣಿಸಿದರೆ ತಿಳಿಯಾಗಿ ನಿಲ್ಲುತ್ತದೆ. ಎಷ್ಟು ತೊಳೆದು ಶುದ್ಧಮಾಡಿದ ಮರಳಿನ ರಾಶಿಯೂ ಕುರುಡೇ. ಕಬ್ಬಿಣದ ಕಲ್ಮಶವಿರುವ ಹಸಿರು ಸೀಸೆಯಾದರೋ ಆಚೆಯದನ್ನು ತೋರಿಸುತ್ತದೆ. ಶುದ್ಧತೆಯೇ ಪಾರದರ್ಶಕತೆಗೆ ಕಾರಣವೆಂದು ನಾನು ಹೇಳಿದ್ದು ತಪ್ಪು. ಹುಡುಗನ ಸಂದೇಹ ಸರಿಯಾಗಿತ್ತು.

ಇಷ್ಟು ತಿಳಿದ ಮೇಲೆ ಅವನನ್ನು ಹುಡುಕಿದೆ. ಅವನೀಗ ದೇವದುರ್ಗ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನದ ಅಧ್ಯಾಪಕ, ತಲೆಯಲ್ಲಿ ಬಿಳಿಗೂದಲು. ನಾನು ತರಗತಿಯ ಸಂಗತಿಯನ್ನು ಜ್ಞಾಪಿಸಿ ಕ್ಷಮೆ ಕೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ನೀವು ಅಂದದ್ದು ಮರತೀನಿ ಸರ್, ಹುಡುಗರು ನಕ್ಕದ್ದು ನೆನಪೈತಿ” ಎಂದ. ಆಮೇಲೆ ನನ್ನನ್ನು ತನ್ನ ತರಗತಿಗೆ ಕರೆದುಕೊಂಡು ಹೋದ.

ಅಲ್ಲಿ ಅವನು ಒಂದು ಬಟ್ಟಲಿನಲ್ಲಿ ಶೇಂಗಾ ಎಣ್ಣೆಯನ್ನು ತುಂಬಿಸಿ, ಪ್ರಯೋಗಶಾಲೆಯ ಪ್ರನಾಳವೊಂದನ್ನು ಅದರಲ್ಲಿ ಮುಳುಗಿಸಿ, ಪ್ರನಾಳದ ಒಳಗೂ ಎಣ್ಣೆ ತುಂಬಿಸಿದ. ಕೇಳುಗರೇ, ಪ್ರನಾಳ ಕಣ್ಣೆದುರಿನಲ್ಲಿಯೇ ಮಾಯವಾಯಿತು! ನಾನು ಮಕ್ಕಳಂತೆಯೇ ಬಗ್ಗಿ ನೋಡಿದೆ. ಆ ಗಾಜಿನ ವಕ್ರೀಭವನ ಸೂಚಿ 1.47, ಶೇಂಗಾ ಎಣ್ಣೆಯದೂ ಹೆಚ್ಚುಕಡಿಮೆ ಅಷ್ಟೇ. ಎಣ್ಣೆಯಿಂದ ಗಾಜಿಗೆ ದಾಟುವಾಗ ಬೆಳಕಿನ ವೇಗ ಬದಲಾಗದು. ಆದುದರಿಂದ ಬೆಳಕಿನ ಮಟ್ಟಿಗೆ ಅಲ್ಲಿ ಗಡಿಯೇ ಇಲ್ಲ. ಗಡಿಯಿಲ್ಲದ್ದು ಕಾಣುವುದೂ ಇಲ್ಲ.

ಬಳಿಕ ಅವನು ಶಕ್ತಿನಗರದ ವಿದ್ಯುತ್ ಕೇಂದ್ರದ ಹಾರುಬೂದಿಯನ್ನು ಒಂದು ಚಿಟಿಕೆ ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿರೆಂದ. 1985ರಲ್ಲಿ ಮೊದಲ ಘಟಕದಿಂದ ಆರಂಭವಾಗಿ ಎಂಟು ಘಟಕಗಳಾಗಿ ಬೆಳೆದ ಆ ಕೇಂದ್ರದ ಬೂದಿಯನ್ನು ನಾವೆಲ್ಲ ಬಲ್ಲೆವು. ಅದು ಗಾಜೆಂದು ನಾನು ಬಲ್ಲವನಾಗಿರಲಿಲ್ಲ. ಕಲ್ಲಿದ್ದಲಿನೊಳಗಿನ ಜೇಡಿಯ ಅಂಶ ಕುಲುಮೆಯ ಬೆಂಕಿಯಲ್ಲಿ ಕರಗಿ, ಹನಿಯಾಗಿ ಹಾರಿ, ಕ್ಷಣಗಳಲ್ಲಿ ತಣಿಯುವುದರಿಂದ ಸ್ಫಟಿಕವಾಗಲು ಅದಕ್ಕೆ ಸಮಯವೇ ಸಿಕ್ಕುವುದಿಲ್ಲ. ಬೂದಿಯಲ್ಲಿ ಬಹುಪಾಲು ಹೀಗೆ ಹುಟ್ಟಿದ ಗಾಜಿನ ಗುಂಡುಗಳು. ಕೆಲವು ಟೊಳ್ಳಾಗಿರುತ್ತವೆ, ಅವು ಬೂದಿಯ ಹೊಂಡದ ನೀರಿನ ಮೇಲೆ ತೇಲುತ್ತವೆ. ಬರಿಗಣ್ಣಿಗೆ ಬೂದುಬಣ್ಣದ ಧೂಳಾದದ್ದು ಮಸೂರದ ಕೆಳಗೆ ದುಂಡುಮಣಿಗಳಾಗಿ ಹೊಳೆಯಿತು. ಮಸ್ಕಿಯ ಮಣಿಗಳು ನೆನಪಿಗೆ ಬಂದವು.

ಅಷ್ಟರಲ್ಲಿ ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದಳು. “ಸರ್, ಹೊಳ್ಯಾಗ ಮುಳುಗಿ ಕಣ್ಣು ತೆರೆದ್ರ ಎಲ್ಲಾ ಮಸುಕು ಮಸುಕು ಕಾಣ್ತದಲ್ಲ, ಅದಕ್ಕೂ ಈ ಎಣ್ಣಿ ಗಾಜಿಗೂ ಸಂಬಂಧ ಐತೇನು?” ಎಂದು ಕೇಳಿದಳು. ಅವಳ ಅಧ್ಯಾಪಕ ನನ್ನ ಮುಖವನ್ನು ನೋಡಿದ. ನಾನು, “ನನಗೆ ಗೊತ್ತಿಲ್ಲಮ್ಮಾ, ನಿಮ್ಮ ಸರ್ ಹೇಳಲಿ” ಎಂದೆ. ತರಗತಿಯಲ್ಲಿ ಯಾರೂ ನಗಲಿಲ್ಲ. ಅವನು ಸುಣ್ಣದ ಕಡ್ಡಿಯನ್ನು ತೆಗೆದುಕೊಂಡು ಹಲಗೆಯ ಮೇಲೆ ಕಣ್ಣಿನ ಚಿತ್ರವನ್ನು ಬರೆಯತೊಡಗಿದ. ಕಣ್ಣಿನ ಹೊರಪೊರೆಯ ಸೂಚಿ ನೀರಿನ ಸೂಚಿಗೆ ಬಹಳ ಹತ್ತಿರ. ಆದ ಕಾರಣ ನೀರಿನೊಳಗೆ ಆ ಪೊರೆ ಬೆಳಕನ್ನು ಬಾಗಿಸಲಾರದು ಎಂದು ಅವನು ವಿವರಿಸುತ್ತಿದ್ದಾಗ, ನಾನು ಹಿಂದಿನ ಸಾಲಿಗೆ ಹೋಗಿ ಕುಳಿತು ಕೇಳಿದೆ.